ಹೊಂಗೆ ಮರದಡಿಯಿಂದ ಕಂಡ ಬೆನ್ನು

ಮಧುಗಿರಿ
9 ಡಿಸೆಂಬರ್ 2024

ಮಾನ್ಯ ವೇದಾವತಿ ಮೇಡಂ ಅವರಿಗೆ,

ನಮಸ್ಕಾರ. ನನ್ನ ಹೆಸರು ನಂದೀಶ್ವರಯ್ಯ, ನಿವೃತ್ತ ವಿಜ್ಞಾನ ಶಿಕ್ಷಕ. ಕಳೆದ ತಿಂಗಳು ಇಪ್ಪತ್ತೊಂಬತ್ತರಂದು ಇಲ್ಲಿನ ಸಮುದಾಯ ಭವನದಲ್ಲಿ ನಾಲ್ಕು ತಾಲ್ಲೂಕಿನ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ ನಡೆಯಿತಲ್ಲ, ಅದಕ್ಕೆ ತೀರ್ಪುಗಾರನಾಗಿ ಬಂದಿದ್ದ ದೊಡ್ಡ ಗಂಟಲಿನ ಮುದುಕ ನಾನೇ. ನಿಮ್ಮ ಒಂಬತ್ತನೇ ತರಗತಿಯ ಯಶಸ್ವಿನಿಗೆ ಸೊನ್ನೆ ಕೊಟ್ಟವನೂ ನಾನೇ. ನಿಮ್ಮ ನಂಬರು ಸಿಕ್ಕಿತ್ತು. ಮೂರು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಮಾತಾಡುವಾಗ ಎದುರಿನವರು ಸುಮ್ಮನಿರುವುದು ಕೇಳಿಸುತ್ತದೆ. ಅದಕ್ಕೆ ಹೆದರಿ ಕಾಗದ ಬರೆಯುತ್ತಿದ್ದೇನೆ.

ಆ ಹುಡುಗಿಯ ಮಾದರಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಡುವೆ ಭೂಮಿ ಎಂದು ಒಂದು ಅಯಸ್ಕಾಂತ. ಪಕ್ಕದಲ್ಲಿ ದಾರಕ್ಕೆ ನೇತುಹಾಕಿದ ಚೆಂಡು, ಅದರ ಒಂದು ಮಗ್ಗುಲಿಗೆ ಅಂಟಿಸಿದ ಮೊಳೆ. ಚೆಂಡನ್ನು ಗಿರ್ರನೆ ತಿರುಗಿಸಿ ಬಿಟ್ಟಳು. ಮೊಳೆ ಅಯಸ್ಕಾಂತದ ಎದುರು ಹಾದುಹೋದಾಗಲೆಲ್ಲ ಚೆಂಡು ಒಂದಿಷ್ಟು ತಡವರಿಸುತ್ತಿತ್ತು. ಬರುಬರುತ್ತ ನಿಧಾನವಾಗಿ, ಕೊನೆಗೆ ಮೊಳೆಯ ಮಗ್ಗುಲು ಅಯಸ್ಕಾಂತಕ್ಕೆ ಮುಖಮಾಡಿ ನಿಂತಿತು. ಆಮೇಲೆ ದಾರ ಹಿಡಿದು ಚೆಂಡನ್ನು ಭೂಮಿಯ ಸುತ್ತ ಒಯ್ದಳು. ಮೊಳೆ ಭೂಮಿಯನ್ನೇ ನೋಡುತ್ತ ಹೋಯಿತು. “ಚಂದ್ರ ಮೊದ್ಲು ಜೋರಾಗಿ ತಿರುಗ್ತಿತ್ತು ಸಾರ್. ಭೂಮಿ ಎಳೆದೂ ಎಳೆದೂ ನಿಧಾನ ಮಾಡ್ಬುಡ್ತು. ಈಗ ಒಂದು ಸುತ್ತು ಬರೋದ್ರಾಗೆ ಒಂದೇ ಸಲ ತಿರುಗ್ತೈತೆ” ಎಂದಳು.

“ತಿರುಗೋದೇ ಆದ್ರೆ ಅದರ ಬೆನ್ನು ನಮಗ್ಯಾಕೆ ಕಾಣಲ್ಲಮ್ಮ? ನಿಮ್ಮ ಮೇಡಂಗೆ ಇದನ್ನ ಯಾರು ಕಲಿಸಿದ್ದು?” ಎಂದು ನಾನು ಗಟ್ಟಿಯಾಗಿ ಕೇಳಿದೆ. ಸುತ್ತ ನಿಂತವರು ನಕ್ಕರು. ಹುಡುಗಿ ಹಿಂದಕ್ಕೆ ತಿರುಗಿ ನಿಮ್ಮ ಮುಖ ನೋಡಿದಳು. ನೀವು ತಲೆ ತಗ್ಗಿಸಿ ನಿಂತಿರಿ. ನಾನು ಅದನ್ನು ಒಪ್ಪಿಗೆ ಎಂದುಕೊಂಡು ಸೊನ್ನೆ ಬರೆದು ಮುಂದಿನ ಮೇಜಿಗೆ ಹೋದೆ.

ಹೊರಗೆ ಟೀ ಕುಡಿಯುವಾಗ ಜೊತೆಯ ತೀರ್ಪುಗಾರ ಅಂಬರೀಶ್, ಅವರು ಭೌತಶಾಸ್ತ್ರದ ಉಪನ್ಯಾಸಕರು, “ಸಾರ್, ಆ ಹುಡುಗಿ ಹೇಳಿದ್ದೇ ಸರಿ” ಎಂದು ಮೆಲ್ಲಗೆ ಹೇಳಿದರು. ಅವರ ಮೇಲೂ ಹರಿಹಾಯ್ದೆ.

ನನ್ನದೊಂದು ಪ್ರಸಿದ್ಧ ಪಾಠವಿತ್ತು ಮೇಡಂ. ಮಕ್ಕಳನ್ನೆಲ್ಲ ಕೋಣೆಯ ನಡುವೆ ಒತ್ತಾಗಿ ಕೂರಿಸಿ “ನೀವೆಲ್ಲ ಭೂಮಿ” ಎನ್ನುತ್ತಿದ್ದೆ. ಅವರ ಕಡೆಗೇ ಮುಖಮಾಡಿಕೊಂಡು, ನಾಲ್ಕು ಗೋಡೆಯ ಅಂಚಿನಲ್ಲಿ ಒಂದು ಸುತ್ತು ಬರುತ್ತಿದ್ದೆ. “ಯಾರಿಗಾದ್ರೂ ನನ್ನ ಬೆನ್ನು ಕಂಡಿತೇನ್ರೋ?” “ಇಲ್ಲ ಸಾರ್.” “ಹಾಗಾದ್ರೆ ನಾನು ತಿರುಗಲಿಲ್ಲ. ಚಂದ್ರನೂ ಅಷ್ಟೇ, ಬರ್ಕೊಳ್ಳಿ.” ಮೂವತ್ತನಾಲ್ಕು ವರ್ಷ ಬರೆಸಿದೆ.

ಅಂಬರೀಶರನ್ನು ಸುಳ್ಳಾಗಿಸಬೇಕೆಂದು ಮರುದಿನ ಅಂಗಳದ ನಡುವೆ ಕುರ್ಚಿಯಿಟ್ಟು, ಅದಕ್ಕೆ ಮುಖಮಾಡಿಕೊಂಡೇ ಸುತ್ತಿದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಸಿದ್ದಗಂಗಮ್ಮ, “ಅದ್ಯಾಕ್ರೀ ಹಂಗೆ ತಿರುಗ್ತೀರಿ, ತಲೆ ಸುತ್ತು ಬಂದಾತು” ಎಂದಳು. ನಾನೆಲ್ಲಿ ತಿರುಗಿದೆ ಎಂದೆ. “ಆಗ ಮುಖ ಕಾಣ್ತು, ಈಗ ಬೆನ್ನು ಕಾಣ್ತು. ತಿರುಗ್ದೆ ಹೆಂಗೆ ಕಾಣ್ತದೆ?” ಎಂದಳು. ಅದೇ ಕುರ್ಚಿಯ ಮೇಲೆ ಕೂತುಬಿಟ್ಟೆ. ನಡುವೆ ಇದ್ದವರಿಗೆ ಬೆನ್ನು ಕಾಣುವುದೇ ಇಲ್ಲ. ವೃತ್ತದ ಹೊರಗಿದ್ದವರಿಗೆ ಮಾತ್ರ ಕಾಣುತ್ತದೆ. ನಾನು ಒಂದು ಸಲವೂ ಹೊರಗಿನವರನ್ನು ಕೇಳಿರಲಿಲ್ಲ.

ನನಗೆ ನಾಚಿಕೆಯಾಗಿದೆ. ತಪ್ಪು ನನ್ನದೆಂದು ದಯವಿಟ್ಟು ಯಶಸ್ವಿನಿಗೆ ತಿಳಿಸಿ.

ಇತಿ,
ನಂದೀಶ್ವರಯ್ಯ


ಪಾವಗಡ
27 ಡಿಸೆಂಬರ್ 2024

ಪೂಜ್ಯ ಗುರುಗಳಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿ ಎರಡು ವಾರವಾಯಿತು. ಅದನ್ನು ಯಶಸ್ವಿನಿಗೆ ತೋರಿಸಲು ಆಗಿಲ್ಲ. ಪ್ರದರ್ಶನದಿಂದ ಬಂದ ಮೇಲೆ ಅವಳು ಮೂರು ದಿನ ಶಾಲೆಗೆ ಬಂದಳು, ಅಷ್ಟೇ. ಹುಡುಗರು ಅವಳಿಗೆ ‘ಸೊನ್ನೆ ಚಂದ್ರ’ ಎಂದು ಹೆಸರಿಟ್ಟಿದ್ದರು. ಅವಳ ಊರು ನಾಗಲಮಡಿಕೆ ಕಡೆ. ಸಹೋದ್ಯೋಗಿಯೊಬ್ಬರನ್ನು ಮನೆಗೆ ಕಳಿಸಿದೆ. “ಸದುವು ವದ್ದಂಟಾದಿ” ಎಂದು ಅಜ್ಜಿ ಕ್ಯಾತಮ್ಮ ತೆಲುಗಿನಲ್ಲಿ ಹೇಳಿದರಂತೆ, ಓದು ಬೇಡ ಅನ್ನುತ್ತಿದ್ದಾಳೆ ಎಂದು. ಬೇಸಿಗೆ ಕಳೆದ ಮೇಲೆ ಹೊಲಿಗೆ ಕಲಿಯಲು ಹಿಂದೂಪುರದ ನೆಂಟರ ಮನೆಗೆ ಕಳಿಸುವ ಯೋಚನೆ ಅವರದು.

ನಾನೇ ಹೋಗಬೇಕಿತ್ತು. ಹೋಗಿಲ್ಲ. ಹೋದರೆ ಅವಳು ಒಂದು ಪ್ರಶ್ನೆ ಕೇಳುತ್ತಾಳೆ. ನಿಮಗೆ ಗೊತ್ತಿತ್ತಲ್ಲ ಮೇಡಂ, ಯಾಕೆ ಸುಮ್ಮನಿದ್ದಿರಿ ಎಂದು. ಅವಳಿಗೆ ಆ ಪಾಠ ಹೇಳಿಕೊಟ್ಟವಳು ನಾನು. ಅಲ್ಲಿ ತಲೆ ತಗ್ಗಿಸಿದವಳೂ ನಾನು. ನೀವು ಸೊನ್ನೆ ಕೊಟ್ಟದ್ದು ತಿಳಿಯದೆ. ನಾನು ಬಾಯಿ ಮುಚ್ಚಿಕೊಂಡದ್ದು ತಿಳಿದೂ ತಿಳಿದೂ.

ನಿಮ್ಮ ಮೇಡಂಗೆ ಇದನ್ನು ಯಾರು ಕಲಿಸಿದ್ದು ಎಂದು ನೀವು ಕೇಳಿದಿರಲ್ಲ. ಕೊರಟಗೆರೆ ತಾಲ್ಲೂಕಿನ ನಮ್ಮೂರ ಹೈಸ್ಕೂಲಿನಲ್ಲಿ, 1996ರಲ್ಲಿ, ಎಂಟನೇ ತರಗತಿಗೆ ವಿಜ್ಞಾನ ಕಲಿಸಿದವರು ನೀವೇ ಸಾರ್. ಆ ಸುತ್ತು ಬರುವ ಪಾಠವನ್ನು ನಾನೂ ನೋಡಿದ್ದೇನೆ. “ಸಾರ್, ನಿಮ್ಮ ಬೆನ್ನು ಕಾಣ್ತು” ಎಂದಿದ್ದೆ. ನಿಮಗೆ ನೆನಪಿರಲಾರದು.

ಇತಿ ನಿಮ್ಮ ವಿದ್ಯಾರ್ಥಿನಿ,
ವೇದಾವತಿ


ಮಧುಗಿರಿ
6 ಜನವರಿ 2025

ಚಿ. ಸೌ. ವೇದಾವತಿಗೆ ಆಶೀರ್ವಾದಗಳು.

ನೀನು ನನ್ನ ಶಿಷ್ಯೆ ಎಂದು ತಿಳಿದು ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನುವ ಹಾಗಾಗಿದೆ. ನೆನಪಿದೆಯಮ್ಮ. ಎರಡು ಜಡೆಯ ಸಣ್ಣ ಹುಡುಗಿ. ಬೆನ್ನು ಕಂಡಿತು ಎಂದಾಗ ಎಲ್ಲರೂ ನಕ್ಕರು, ನಾನು ತುಂಟತನವೆಂದು ತಿಳಿದು ಅಂಗೈಗೆ ಎರಡೋ ಮೂರೋ ಏಟು ಕೊಟ್ಟೆ. ಆಗಿನ ಕಾಲದ ಮೇಷ್ಟ್ರುಗಳು ಹಾಗೆಯೇ ಇದ್ದೆವು. ಆ ವರ್ಷ ಶಾಲೆಯ ಚಾವಣಿ ಬಿದ್ದುಹೋಗಿ ಎಲ್ಲೆಲ್ಲೋ ಪಾಠ ಮಾಡುತ್ತಿದ್ದೆವು, ನನಗೂ ತಲೆ ಕೆಟ್ಟಿತ್ತು. ಇದೆಲ್ಲ ಸಬೂಬು ಎಂದು ಗೊತ್ತು. ಆ ಏಟುಗಳಿಗಾಗಿ ಕ್ಷಮೆ ಕೇಳುತ್ತೇನೆ.

ನಲವತ್ತು ಮಕ್ಕಳಿಗೆ ಕಾಣದ್ದು ನಿನ್ನೊಬ್ಬಳಿಗೆ ಕಂಡಿತಲ್ಲ, ಎಂಥ ಬುದ್ಧಿ ಎಂದು ನಿನ್ನೆಯೆಲ್ಲ ಸಿದ್ದಗಂಗಮ್ಮನ ಹತ್ತಿರ ಹೇಳಿದೆ. ಯಶಸ್ವಿನಿಗೂ ನಿನ್ನದೇ ಬುದ್ಧಿ ಬಂದಿರಬೇಕು. ಪ್ರದರ್ಶನ ನಡೆಸಿದವರಿಗೆ ಹೇಳಿ ಅವಳಿಗೊಂದು ಪ್ರಮಾಣಪತ್ರ ಬರೆಸುತ್ತೇನೆ. ಫ್ರೇಮು ಹಾಕಿಸಿ ಕಳಿಸಿದರೆ ಮನೆಯವರ ಮನಸ್ಸು ತಿರುಗಬಹುದು.

ಇತಿ ನಿನ್ನ ಮೇಷ್ಟ್ರು,
ನಂದೀಶ್ವರಯ್ಯ


ಪಾವಗಡ
16 ಫೆಬ್ರವರಿ 2025

ಗುರುಗಳಿಗೆ ನಮಸ್ಕಾರ.

ಪ್ರಮಾಣಪತ್ರ ಬಂತು. ನನ್ನ ಬೀರುವಿನಲ್ಲಿದೆ. ಅದನ್ನು ಅವಳಿಗೆ ಕೊಡಲು ಮನಸ್ಸು ಬರಲಿಲ್ಲ. ಉತ್ತರ ತಡವಾದದ್ದಕ್ಕೆ ಬೇರೆ ಕಾರಣವಿಲ್ಲ. ಬರೆದು ಬರೆದು ಹರಿದೆ.

ನಲವತ್ತು ಮಕ್ಕಳಿಗೆ ಕಾಣದ್ದು ನನಗೆ ಕಂಡದ್ದು ಬುದ್ಧಿಯಿಂದಲ್ಲ ಸಾರ್. ನಾನು ಕೂತಿದ್ದ ಜಾಗದಿಂದ. ನೀವು ‘ಎಲ್ಲೆಲ್ಲೋ’ ಎಂದು ಬರೆದಿದ್ದೀರಿ. ಆ ವರ್ಷ ಎಂಟನೇ ತರಗತಿ ನಡೆದದ್ದು ಊರ ಗುಡಿಯ ಮಂಟಪದಲ್ಲಿ, ಜುಲೈಯಿಂದ ಸಂಕ್ರಾಂತಿಯವರೆಗೆ. ನಮ್ಮ ಜನ ಗುಡಿ ಹತ್ತುವ ಹಾಗಿರಲಿಲ್ಲ. ಕಾಲೋನಿಯ ಆರು ಮಕ್ಕಳು ಎದುರಿನ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದೆವು. ಹಾಜರಿ ಕೂಗಿದಾಗ ಅಲ್ಲಿಂದಲೇ “ಎಸ್ ಸಾರ್” ಎನ್ನುತ್ತಿದ್ದೆವು. ಬೋರ್ಡಿನ ಅಕ್ಷರ ನಮಗೆ ಕಾಣುತ್ತಿರಲಿಲ್ಲ.

ಅವತ್ತು ನೀವು ಮಂಟಪದ ಕಂಬಗಳ ಅಂಚಿನಲ್ಲಿ ಸುತ್ತು ಬಂದಿರಿ. ಮಂಟಪಕ್ಕೆ ಗೋಡೆ ಇರಲಿಲ್ಲ. ನಮ್ಮ ಕಡೆಯ ಅಂಚಿಗೆ ಬಂದಾಗ ನಿಮ್ಮ ಬೆನ್ನು ಕಂಡಿತು. ಆಚೆ ಬದಿಗೆ ಹೋದಾಗ ಕಂಬಗಳ ನಡುವೆ ನಿಮ್ಮ ಮುಖ ಕಂಡಿತು. ಆರು ಜನಕ್ಕೂ ಕಂಡಿತು. ಬಾಯಿ ಬಿಟ್ಟವಳು ನಾನು. ನೀವು ನನ್ನನ್ನು ಮೇಲಕ್ಕೆ ಕರೆಯಲಿಲ್ಲ, ಕೆಳಗೂ ಇಳಿಯಲಿಲ್ಲ. ಮೆಟ್ಟಿಲಿನ ಹತ್ತಿರ ಬಂದು ಕೈ ಚಾಚು ಎಂದಿರಿ. ನೀವು ಮೇಲೆ, ನಾನು ಕೆಳಗೆ. ಬೆತ್ತ ಉದ್ದವಿತ್ತು.

ಮನೆಯಲ್ಲಿ ನಮ್ಮಪ್ಪ ಬೈಲಪ್ಪ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, “ಮೇಷ್ಟ್ರು ತಿರುಗಲ್ಲ ಅಂದ್ಮೇಲೆ ಚಂದ್ರ ತಿರುಗಲ್ಲ ಕಣಮ್ಮ. ಬುಡು” ಎಂದರು. ನಾನೂ ಬಿಟ್ಟೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲೂ ನೀವು ಬರೆಸಿದ್ದನ್ನೇ ಬರೆದೆ.

ಈಗ ನಾನು ಮಕ್ಕಳಿಗೆ ಈ ಪಾಠ ಮಾಡುವಾಗ ಹೀಗೆ ಹೇಳುತ್ತೇನೆ. ಚಂದ್ರ ಹುಟ್ಟಿದಾಗ ತನ್ನಷ್ಟಕ್ಕೆ ಜೋರಾಗಿ ತಿರುಗುತ್ತಿತ್ತು. ಭೂಮಿ ಎಳೆದ ಎಳೆತಕ್ಕೆ ಅದರ ಮೈ ಒಂದಿಷ್ಟು ಉಬ್ಬಿತು. ತಿರುಗುವ ಭರಕ್ಕೆ ಆ ಉಬ್ಬು ಭೂಮಿಯ ನೇರದಿಂದ ಮುಂದಕ್ಕೆ ಹೋಗುತ್ತಿತ್ತು, ಭೂಮಿ ಅದನ್ನು ಹಿಡಿದು ಹಿಂದಕ್ಕೆ ಜಗ್ಗುತ್ತಿತ್ತು. ಜಗ್ಗಿದಾಗಲೆಲ್ಲ ಒಳಗಿನ ಕಲ್ಲು ಕಲ್ಲಿಗೆ ಉಜ್ಜಿ ಬಿಸಿಯಾಗಿ, ತಿರುಗುವ ಶಕ್ತಿ ಒಂದು ಚೂರು ಸವೆಯುತ್ತಿತ್ತು. ಸವೆದು ಸವೆದು, ಒಂದು ಸುತ್ತು ಬರುವಷ್ಟರಲ್ಲಿ ಒಂದೇ ಸಲ ತಿರುಗುವ ಹದಕ್ಕೆ ಬಂತು. ಆಮೇಲೆ ಉಬ್ಬು ಭೂಮಿಯ ಕಡೆಗೇ ನಿಂತಿತು, ಜಗ್ಗುವುದಕ್ಕೆ ಏನೂ ಉಳಿಯಲಿಲ್ಲ. ಗುರುವಿನ, ಶನಿಯ ದೊಡ್ಡ ಚಂದ್ರಗಳಿಗೂ ಹೀಗೇ ಆಗಿದೆ. ನೋಡುವವರಿಗೆ ಅದು ಮೊದಲಿನಿಂದ ಹಾಗೇ ಇತ್ತೇನೋ ಅನ್ನಿಸುತ್ತದೆ.

ಬಿ.ಎಡ್. ಮಾಡಿದ್ದೇನೆ, ಹದಿನೈದು ವರ್ಷದ ಸರ್ವೀಸಿದೆ, ತಾಲ್ಲೂಕಿನ ಸಭೆಗಳಲ್ಲಿ ಎದ್ದುನಿಂತು ಮಾತಾಡುತ್ತೇನೆ. ನಿಮ್ಮ ದನಿ ಕೇಳಿದ ಕೂಡಲೇ ಅದೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ತಲೆ ತಾನಾಗಿ ತಗ್ಗಿತು. ನನ್ನ ಹುಡುಗಿ ನನ್ನ ಮುಖ ನೋಡುತ್ತಿದ್ದಳು, ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಅದನ್ನು ನೆನೆದರೆ ಇವತ್ತೂ ಊಟ ಸೇರುವುದಿಲ್ಲ.

ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳುತ್ತೇನೆ. ಚಂದ್ರನೂ ಭೂಮಿಯನ್ನು ಜಗ್ಗುತ್ತದೆ. ಭೂಮಿಯೂ ನಿಧಾನವಾಗುತ್ತಿದೆ. ಭೂಮಿ ದೊಡ್ಡದು, ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಇತಿ,
ವೇದಾವತಿ


ಮಧುಗಿರಿ
4 ಮಾರ್ಚ್ 2025

ವೇದಾವತಿಯವರಿಗೆ,

ಹಿಂದಿನ ಪತ್ರದಲ್ಲಿ ಆಶೀರ್ವಾದ ಮಾಡಿದ್ದೆ, ನೀನು ಎಂದಿದ್ದೆ. ಆ ಸಲುಗೆ ನನಗೆ ಸಲ್ಲದು.

‘ಎಲ್ಲೆಲ್ಲೋ’ ಎಂಬ ಒಂದು ಪದ ಬರೆಯುವುದಕ್ಕೆ ನಾನು ಎರಡು ದಿನ ತೆಗೆದುಕೊಂಡೆ. ಮೊದಲು ಗುಡಿ ಎಂದು ಬರೆದಿದ್ದೆ. ನೀವು ಮರೆತಿರಬಹುದು ಎಂಬ ಆಸೆಯಿಂದ ಹೊಡೆದುಹಾಕಿದೆ. ಎಲ್ಲಿ ಕೂತಿದ್ದಿರಿ ಎಂದು ಗೊತ್ತಿದ್ದೂ ನಿಮ್ಮ ಬುದ್ಧಿಯನ್ನು ಹೊಗಳಿದೆ. ಹೊಗಳಿ ಪಾರಾಗಿಬಿಡಬಹುದು ಎಂದುಕೊಂಡೆ.

ಗುಡಿಯಲ್ಲಿ ತರಗತಿ ನಡೆಸಲು ಊರಿನ ಹಿರಿಯರು ಒಪ್ಪಿದಾಗ, “ಆ ಮಕ್ಕಳದ್ದು ಹೆಂಗೆ ಮಾಡ್ತೀರಿ ಮೇಷ್ಟ್ರೇ?” ಎಂದು ಕೇಳಿದ್ದರು. ಹೊಂಗೆ ಮರ ತೋರಿಸಿದವನು ನಾನು. ಅವರು ಹೇಳಿದ್ದಲ್ಲ. ಅವರು ಬರೀ ಕೇಳಿದ್ದು. ಈ ಮಾತನ್ನು ಮೊನ್ನೆಯವರೆಗೆ ಸಿದ್ದಗಂಗಮ್ಮನಿಗೂ ಹೇಳಿರಲಿಲ್ಲ. ನಿನ್ನೆ ನಿಮ್ಮ ಪತ್ರವನ್ನು ಅವಳಿಗೆ ಓದಿ ಹೇಳಿ, ಇದನ್ನೂ ಹೇಳಿದೆ. ಕಾಫಿ ಲೋಟ ತಂದು ಕೈಗೆ ಕೊಡುವ ಬದಲು ಜಗಲಿಯ ಮೇಲೆ ಇಟ್ಟು ಹೋದಳು.

ನಿಮಗೆ ಊಟ ಸೇರುತ್ತಿಲ್ಲ ಎಂದು ಬರೆದಿದ್ದೀರಿ. ತಲೆ ತಗ್ಗಿಸುವುದನ್ನು ನಿಮಗೆ ಕಲಿಸಿದವನು ನಾನು. ಆ ಪಾಪವನ್ನು ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ.

ನಿಮ್ಮ ಶಾಲೆಗೆ ಬರಲೇ? ಇಪ್ಪತ್ತೆರಡನೇ ತಾರೀಕು ಶನಿವಾರ ಬೆಳಗಿನ ಶಾಲೆ ಇರುತ್ತದೆ, ಒಂಬತ್ತರ ಹೊತ್ತಿಗೂ ಆಕಾಶದಲ್ಲಿ ಅರ್ಧ ಚಂದ್ರ ಕಾಣುತ್ತಿರುತ್ತದೆ. ಯಶಸ್ವಿನಿ ಬರುವುದಾದರೆ ಎಲ್ಲ ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಬೇಡವೆಂದರೆ ಬರುವುದಿಲ್ಲ.

ಭೂಮಿಗೆ ಗೊತ್ತಾಗುವುದಿಲ್ಲ ಎಂದಿರಿ. ನನಗೆ ಗೊತ್ತಾಗಿದೆ.

ಇತಿ,
ನಂದೀಶ್ವರಯ್ಯ


ಪಾವಗಡ
12 ಮಾರ್ಚ್ 2025

ಸಾರ್,

ಭಾನುವಾರ ಯಶಸ್ವಿನಿಯ ಮನೆಗೆ ಹೋಗಿದ್ದೆ. ಅಜ್ಜಿಯ ಜೊತೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನೂ ಕೂತು ಒಂದು ರಾಶಿ ಎಳೆದುಕೊಂಡೆ. ಬೀಜ ಬಿಡಿಸುತ್ತಲೇ ಕೇಳಿದಳು.

“ನಿಮ್ಗೆ ಗೊತ್ತಿತ್ತಲ್ಲ ಮೇಡಂ.”

“ಗೊತ್ತಿತ್ತು.”

“ಮತ್ತೆ ಸುಮ್ಕ್ಯಾಕಿದ್ರಿ?”

ಹೊಂಗೆ ಮರದ ಕಥೆಯನ್ನೆಲ್ಲ ಹೇಳಿದೆ. ಬೆತ್ತದ್ದನ್ನೂ ಹೇಳಿದೆ. ಹೆದರಿದೆ ಕಣಮ್ಮ, ನಿನ್ನ ಪರ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ತಪ್ಪಾಯಿತು ಎಂದೆ. ಹದಿನಾಲ್ಕು ವರ್ಷದ ಹುಡುಗಿಯ ಮುಂದೆ ಅತ್ತುಬಿಟ್ಟೆ. ಕ್ಯಾತಮ್ಮನವರು ಹುಣಸೆಹಣ್ಣಿನ ಕೈಯಲ್ಲೇ ನನ್ನ ಬೆನ್ನು ಸವರಿದರು. ಸೀರೆಯ ಕಲೆ ಹೋಗಿಲ್ಲ.

ಹೊರಡುವಾಗ ಯಶಸ್ವಿನಿ, “ಆ ಸಾರ್ ಬಂದ್ರೆ ನಾನೂ ಬತ್ತೀನಿ. ಅವ್ರನ್ನ ಒಂದು ಕೇಳ್ಬೇಕು” ಎಂದಳು. ಏನೆಂದು ನನಗೂ ಹೇಳಲಿಲ್ಲ.

ಬನ್ನಿ. ವೇದಿಕೆ ಇರುವುದಿಲ್ಲ, ಹಾರ ಶಾಲು ಇರುವುದಿಲ್ಲ. ನಮ್ಮ ಶಾಲೆಯ ಮುಂದೆ ಬೇವಿನ ಮರವಿದೆ. ಮಕ್ಕಳನ್ನು ನೆರಳಿನಲ್ಲಿ ಒತ್ತಾಗಿ ಕೂರಿಸುತ್ತೇನೆ. ನೀವು ವೃತ್ತದ ಹೊರಗೆ, ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ.

ಇತಿ,
ವೇದಾವತಿ


ಮಧುಗಿರಿ
25 ಮಾರ್ಚ್ 2025

ಯಶಸ್ವಿನಿಗೆ,

ನಿನ್ನೆಯಿಂದ ನೀನು ಶಾಲೆಗೆ ಬರುತ್ತಿದ್ದೀಯ ಎಂದು ನಿಮ್ಮ ಮೇಡಂ ಫೋನು ಮಾಡಿದ್ದರು. ಕೇಳಿ ಸಂತೋಷವಾಯಿತು. ನಾನು ಬಂದದ್ದಕ್ಕೇ ನೀನು ಬಂದೆ ಎಂದು ಜಂಬ ಪಡುವುದಿಲ್ಲ. ನಿಮ್ಮ ಮೇಡಂ ನಿನ್ನ ಜೊತೆ ಹುಣಸೆಹಣ್ಣು ಬಿಡಿಸಿದ್ದಕ್ಕೆ ಬಂದಿದ್ದೀಯ ಎಂದು ನನಗೆ ಗೊತ್ತು.

ಶನಿವಾರ ನೀನು ಚಂದ್ರನಾಗಿ ಆ ಮಕ್ಕಳ ಸುತ್ತ, ಅವರಿಗೇ ಮುಖಮಾಡಿಕೊಂಡು ನಡೆದೆ. ನಾನು ಹೊರಗೆ ನಿಂತು, ಕಂಡದ್ದನ್ನು ಕೂಗಿ ಹೇಳಿದೆ. ಮುಖ, ಕಿವಿ, ಬೆನ್ನು, ಇನ್ನೊಂದು ಕಿವಿ, ಮತ್ತೆ ಮುಖ. ಮಕ್ಕಳೆಲ್ಲ ಎದ್ದು ನನ್ನ ಕಡೆಗೆ ಓಡಿಬಂದರು, ತಾವೂ ನೋಡಬೇಕೆಂದು. ಶಾಲೆಯ ಸೂರಿನ ಮೇಲೆ ಅರ್ಧ ಚಂದ್ರ ಬೆಳ್ಳಗೆ ನಿಂತಿತ್ತು. ನಾನು ಎಲ್ಲರ ಮುಂದೆ, ಈ ಹುಡುಗಿ ಹೇಳಿದ್ದು ಸರಿ, ನಾನು ಮೂವತ್ತನಾಲ್ಕು ವರ್ಷ ಕಲಿಸಿದ್ದು ತಪ್ಪು ಎಂದೆ. ಅಷ್ಟು ಹೇಳುವುದು ಕಷ್ಟವಾಗಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

ಆಮೇಲೆ ನೀನು ಕೇಳಿದೆ. “ಸಾರ್, ಬೇರೆ ಯಾರನ್ನಾದ್ರೂ ಸುತ್ತಾಕ್ಸಿ ನೀವು ಈಚೆ ಬಂದು ನೋಡಿದ್ರೆ ಒಂದೇ ನಿಮಿಷದಾಗೆ ಗೊತ್ತಾಗ್ತಿತ್ತಲ್ಲ. ನಮ್ಮ ಮೇಡಂ ಬೆನ್ನು ಕಾಣ್ತು ಅಂದಾಗ ನೀವ್ಯಾಕೆ ಇಳಿದು ಬಂದು ನೋಡ್ಲಿಲ್ಲ?”

ಇದನ್ನು ಅಭ್ಯಾಸ ಮಾಡಿಕೊಂಡಿರಲಿಲ್ಲ. “ಹೊಳೆಯಲಿಲ್ಲಮ್ಮ” ಎಂದೆ. ನೀನು ಸರಿ ಎಂಬಂತೆ ತಲೆಯಾಡಿಸಿದೆ. ನಿಮ್ಮ ಮೇಡಂ ನನ್ನನ್ನೇ ನೋಡುತ್ತಿದ್ದರು. ಈ ಸಲ ಅವರು ತಲೆ ತಗ್ಗಿಸಲಿಲ್ಲ. ನಾನು ತಗ್ಗಿಸಿದೆ.

ವಾಪಸು ಬರುವ ಬಸ್ಸಿನಲ್ಲಿ, ಮಧುಗಿರಿ ಬೆಟ್ಟ ಕಾಣುವವರೆಗೂ ಆ ಒಂದು ಸುಳ್ಳು ಪಕ್ಕದಲ್ಲೇ ಕೂತಿತ್ತು. ಅದಕ್ಕೇ ಈ ಕಾಗದ.

ನನಗೆ ಹೊಳೆದಿತ್ತು ಯಶಸ್ವಿನಿ. ಅವತ್ತು ಎರಡು ಜಡೆಯ ಆ ಹುಡುಗಿ ಹೇಳಿದ ಕ್ಷಣವೇ, ಹೋಗಿ ನೋಡೋಣವೇ ಎಂದು ಒಂದು ಸಲ ಅನ್ನಿಸಿತ್ತು. ಮಂಟಪಕ್ಕೆ ನಾಲ್ಕು ಮೆಟ್ಟಿಲು. ಅಲ್ಲಿಂದ ಮರಕ್ಕೆ ಹದಿನೈದು ಹೆಜ್ಜೆಯೂ ಇಲ್ಲ. ಆದರೆ ಅವಳಿಗೆ ಕಂಡದ್ದು ನನಗೂ ಕಾಣಬೇಕಾದರೆ ಆ ಆರು ಮಕ್ಕಳ ಪಕ್ಕದಲ್ಲಿ, ಅವರ ಗೋಣಿಚೀಲದ ಮೇಲೆ ಕೂರಬೇಕಾಗಿತ್ತು. ಅದಕ್ಕೇ ನಾನು ಇಳಿಯಲಿಲ್ಲ.

ಇದನ್ನು ನಿಮ್ಮ ಮೇಡಂಗೆ ಕೊಡು. ತರಗತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಲಿ.

ಇತಿ,
ನಂದೀಶ್ವರಯ್ಯ